ಬಾಯಿ ಬಿಡದವರ ಜೊತೆ ಬಾಳುವವರಿಗೆ ದಂಪತಿ ಕೌನ್ಸೆಲಿಂಗ್: ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಜಗಳ ಆಡುವ ಮನೆಗೆ ಆ ಮಾತು ಸರಿ. ಜಗಳವೇ ಹುಟ್ಟದ ಮನೆಗಳೂ ಇವೆ. ಅಲ್ಲಿ ಒಬ್ಬರು 'ಯಾಕೆ ಹೀಗಿದ್ದೀರಿ?' ಅಂತ ಕೇಳುತ್ತಾರೆ, ಇನ್ನೊಬ್ಬರು 'ಏನಿಲ್ಲ' ಅನ್ನುತ್ತಾರೆ. ಮತ್ತೆ ಕೇಳಿದರೆ 'ಹ್ಞೂಂ'. ಮೂರನೇ ಸಲ ಕೇಳಿದರೆ ಎದ್ದು ಹೋಗಿ ಬೈಕ್ ಒರೆಸುತ್ತಾ ನಿಲ್ಲುತ್ತಾರೆ. ಸಂಬಳ ಮನೆಗೆ ಬರುತ್ತದೆ, ಮಕ್ಕಳ ಫೀಸು ಸರಿಯಾದ ಹೊತ್ತಿಗೆ ಕಟ್ಟುತ್ತಾರೆ, ಕುಡಿತವಿಲ್ಲ, ಹೊಡೆತವಿಲ್ಲ. ತವರಲ್ಲಿ ಹೇಳಿಕೊಂಡರೆ 'ಬಂಗಾರದಂಥ ಮನುಷ್ಯ, ಇನ್ನೇನು ಬೇಕಮ್ಮ ನಿನಗೆ?' ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಅಂಥವರನ್ನು ಪ್ರೀತಿಸುವುದು ದಿನವೂ ಬಾಗಿಲು ತಟ್ಟಿ ದಿನವೂ ವಾಪಸ್ ಬರುವ ಕೆಲಸ. ಬಾಯಿ ಬಿಡದವರು ಗಂಡಸರೇ ಆಗಿರಬೇಕೆಂದಿಲ್ಲ. ಹೆಂಡತಿ ಮುಗುಮ್ಮಾಗಿದ್ದು ಗಂಡ ಸುತ್ತ ಸುತ್ತ ಕೇಳುತ್ತಾ ತಿರುಗುವ ಮನೆಗಳೂ ಸಾಕಷ್ಟಿವೆ.

ಇಲ್ಲಿ ವಿಮರ್ಶೆ ಮಾಡುತ್ತಿರುವುದು ಇಂಥ ಜೋಡಿಗಳಿಗೆ ಸಿಗುವ ದಂಪತಿ ಆಪ್ತಸಮಾಲೋಚನೆಯನ್ನು, ಅಂದರೆ ಎಲ್ಲರ ಬಾಯಲ್ಲಿ ಬರುವ ಕಪಲ್ ಕೌನ್ಸೆಲಿಂಗ್ ಅನ್ನು. ಯಾವುದೋ ಒಂದು ಸಂಸ್ಥೆಯನ್ನಲ್ಲ, ಆ ಸೇವೆಯನ್ನೇ. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕನ್ನಡದಲ್ಲಿ ಎರಡು ಮಾತುಗಳಿವೆ: ಮಾತಾಡಲಾರದವರು, ಮಾತಾಡಲೊಲ್ಲದವರು. ಈ ಸೇವೆ ಮೊದಲನೆಯವರಿಗೆ ನಿಜಕ್ಕೂ ಕೆಲಸ ಮಾಡುತ್ತದೆ. ಎರಡನೆಯವರಿಗೆ ಮಾಡುವುದಿಲ್ಲ. ನಿಮ್ಮ ಮನೆಯಲ್ಲಿರುವವರು ಇವರಲ್ಲಿ ಯಾರು ಅನ್ನುವುದು ಮನೆಯೊಳಗೆ ಕೂತವರಿಗೆ ಹತ್ತು ವರ್ಷವಾದರೂ ಗೊತ್ತಾಗದೆ ಹೋಗಬಹುದು. ಮೊದಲ ನಾಲ್ಕು ಸಿಟ್ಟಿಂಗ್‌ಗೆ ಕೊಡುವ ದುಡ್ಡು ಮುಖ್ಯವಾಗಿ ಅದನ್ನು ತಿಳಿಯುವುದಕ್ಕೆ. ಅಷ್ಟಕ್ಕೇ ಆದರೂ ಅದು ದಂಡವಲ್ಲ ಅಂತ ನನ್ನ ಅಭಿಪ್ರಾಯ.

ಮಾತಾಡಲಾರದವರು ಅಂದರೆ ಯಾರು? ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ವರ್ಷ ತುಂಬಿದ ಕೂಸುಗಳ ಮೇಲೆ ಒಂದು ಪರೀಕ್ಷೆ ಮಾಡಿದ್ದರು. ತಾಯಿ ಕೋಣೆಯಿಂದ ಸ್ವಲ್ಪ ಹೊತ್ತು ಹೊರಗೆ ಹೋಗಿ ವಾಪಸ್ ಬರುತ್ತಾಳೆ. ಕೆಲವು ಕೂಸುಗಳು ಅತ್ತು, ಬಂದ ಕೂಡಲೇ ತಬ್ಬಿಕೊಂಡು ಸಮಾಧಾನವಾದವು. ಇನ್ನು ಕೆಲವು ಅಳಲೇ ಇಲ್ಲ. ತಾಯಿ ಬಂದರೂ ತಲೆ ಎತ್ತದೆ ಆಟಿಕೆ ಜೊತೆ ಆಡುತ್ತಲೇ ಇದ್ದವು. ನೋಡಿದವರಿಗೆ 'ಎಷ್ಟು ಜಾಣ ಮಗು' ಅನ್ನಿಸಬೇಕು. ಮುಂದೆ ಬೇರೆ ಸಂಶೋಧಕರು ಇಂಥ ಕೂಸುಗಳ ಎದೆಬಡಿತ ಅಳೆದಾಗ ಅದು ಏರಿತ್ತು. ಒಳಗೆ ತಳಮಳ, ಹೊರಗೆ ಆಟ. ಅತ್ತರೆ ಯಾರೂ ಎತ್ತಿಕೊಳ್ಳುವುದಿಲ್ಲ ಅಂತ ಕಲಿತ ಮಗು ಅಳುವುದನ್ನೇ ಬಿಟ್ಟಿರುತ್ತದೆ. 1987ರಲ್ಲಿ ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ ಇದೇ ಚೌಕಟ್ಟನ್ನು ದೊಡ್ಡವರ ಪ್ರೇಮಕ್ಕೆ ಹೊಂದಿಸಿ ನೋಡಿದರು. ಇವತ್ತಿನ ದಂಪತಿ ಚಿಕಿತ್ಸೆಯ ಕೆಲವು ಮುಖ್ಯ ಪದ್ಧತಿಗಳು ಆ ತಳಹದಿಯ ಮೇಲೇ ನಿಂತಿವೆ. ಬೈಕ್ ಒರೆಸುವವರು ಬೈಕ್ ಮೇಲಿನ ಪ್ರೀತಿಗೆ ಒರೆಸುತ್ತಿರುವುದಿಲ್ಲ, ಅನ್ನುವುದು ಇದರ ತಿರುಳು.

ಈ ತಳಹದಿಯ ಮೇಲೆ ಬೆಳೆದ ಪದ್ಧತಿಗಳಲ್ಲಿ ಇಂಥ ಜೋಡಿಗೆ ಹೆಚ್ಚು ಒಗ್ಗುವುದು ಇಮೋಷನಲಿ ಫೋಕಸ್ಡ್ ಥೆರಪಿ, ಚಿಕ್ಕದಾಗಿ ಇಎಫ್‌ಟಿ. 1980ರ ದಶಕದಲ್ಲಿ ಕೆನಡಾದಲ್ಲಿ ಸೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ಕಟ್ಟಿದ ಪದ್ಧತಿ ಇದು. ಸಾಮಾನ್ಯವಾಗಿ 8ರಿಂದ 20 ಸಿಟ್ಟಿಂಗ್. ಇಲ್ಲಿ ಒಂದು ಎಚ್ಚರಿಕೆ: ಹಣೆ, ಕೆನ್ನೆ, ಎದೆಯ ಮೇಲೆ ಬೆರಳಿನಿಂದ ತಟ್ಟಿಸುವ ಇನ್ನೊಂದು ಇಎಫ್‌ಟಿ ಇದೆ. ಹೆಸರಿನ ಮೂರು ಅಕ್ಷರ ಒಂದೇ, ಆದರೆ ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಬೋರ್ಡಿನಲ್ಲಿ ಇಎಫ್‌ಟಿ ಅಂತ ಕಂಡರೆ ಯಾವುದು ಅಂತ ಫೋನಿನಲ್ಲೇ ಕೇಳಿ. ಕಲಿತವರೇ ಆದರೂ ಎಷ್ಟು ಕಲಿತಿದ್ದಾರೆ ಅಂತಲೂ ಕೇಳಬೇಕು. ನಾಲ್ಕು ದಿನದ ಆರಂಭಿಕ ತರಬೇತಿ ಮುಗಿಸಿದವರೂ ಇರುತ್ತಾರೆ, ಅದಾದ ಮೇಲೆ ಹಿರಿಯರ ಕೈಕೆಳಗೆ ಸೆಷನ್ ತೋರಿಸಿ ಪ್ರಮಾಣಪತ್ರ ಪಡೆದವರೂ ಇರುತ್ತಾರೆ. ಗಂಡ ಹೆಂಡಿರ ಮಾತುಕತೆಯನ್ನೇ ಸಂಶೋಧನೆ ಮಾಡಿದ ಸಿಯಾಟಲ್‌ನ ಜಾನ್ ಗಾಟ್‌ಮನ್ ಅವರ ಪದ್ಧತಿಯಲ್ಲೂ ಹೀಗೆ ಒಂದು, ಎರಡು, ಮೂರು ಅಂತ ಹಂತಗಳಿವೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹಾಕಿಕೊಂಡವರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಸಂಖ್ಯೆ ಇರಲೇಬೇಕು. ಕೇಳಿದರೆ ಬೇಸರ ಮಾಡಿಕೊಳ್ಳುವವರ ಹತ್ತಿರ ಹೋಗುವುದು ಬೇಡ. ಬರೀ 'ಕೌನ್ಸೆಲರ್' ಅನ್ನುವ ಹೆಸರನ್ನು ವಾರಾಂತ್ಯದ ಕೋರ್ಸ್ ಮುಗಿಸಿದವರೂ ಹಾಕಿಕೊಳ್ಳುತ್ತಿದ್ದಾರೆ.

ಖರ್ಚು: ಬೆಂಗಳೂರಿನಲ್ಲಿ ಖಾಸಗಿಯಾಗಿ ಒಂದು ಸಿಟ್ಟಿಂಗ್‌ಗೆ ಸುಮಾರು 1,000ದಿಂದ 3,000 ರೂಪಾಯಿ. ಹೆಸರಾದವರದ್ದು ಅದಕ್ಕಿಂತ ಹೆಚ್ಚು. ಹೊತ್ತು 50 ನಿಮಿಷದಿಂದ ಒಂದೂವರೆ ಗಂಟೆ. ಜೋಡಿಗೆ 50 ನಿಮಿಷ ಸಾಲುವುದಿಲ್ಲ. ಬಾಯಿ ಬಿಡದವರಿಗೆ ಕೂತು ಹಗುರಾಗುವುದಕ್ಕೇ ಅರ್ಧ ಗಂಟೆ ಬೇಕು, ಅವರು ಬಾಯಿ ತೆರೆಯುವ ಹೊತ್ತಿಗೆ ಗಡಿಯಾರ ನೋಡುವಂತಾಗುತ್ತದೆ. ದುಡ್ಡು ಸ್ವಲ್ಪ ಹೆಚ್ಚಾದರೂ 75 ಅಥವಾ 90 ನಿಮಿಷದ್ದನ್ನೇ ತೆಗೆದುಕೊಳ್ಳಿ. ಮೊದಲ ಎರಡು ತಿಂಗಳು ವಾರಕ್ಕೊಮ್ಮೆ. ತಿಂಗಳಿಗೊಮ್ಮೆ ಹೋದರೆ ಪ್ರತಿ ಸಲವೂ ನಾಲ್ಕು ವಾರದ ವರದಿ ಒಪ್ಪಿಸುವುದರಲ್ಲೇ ಹೊತ್ತು ಮುಗಿದುಹೋಗುತ್ತದೆ.

ಮೊದಲ ನಾಲ್ಕರ ಕ್ರಮ ಹೆಚ್ಚುಕಡಿಮೆ ಹೀಗಿರುತ್ತದೆ: ಒಂದನೆಯದು ಇಬ್ಬರೂ ಸೇರಿ, ಎರಡು ಮತ್ತು ಮೂರನೆಯದು ಒಬ್ಬೊಬ್ಬರೇ, ನಾಲ್ಕನೆಯದರಲ್ಲಿ ಮತ್ತೆ ಇಬ್ಬರನ್ನೂ ಕೂರಿಸಿ 'ನನಗೆ ಕಂಡದ್ದು ಇದು' ಅಂತ ಹೇಳುವುದು. ಒಬ್ಬೊಬ್ಬರೇ ಹೋಗುವ ಮುಂಚೆ ಒಂದು ಪ್ರಶ್ನೆ ತಪ್ಪದೆ ಕೇಳಿ: 'ನಾನೊಬ್ಬಳೇ ಇದ್ದಾಗ ಹೇಳಿದ್ದನ್ನ ಅವರಿಂದ ಮುಚ್ಚಿಡ್ತೀರಾ?' ಕೆಲವರು ಮುಚ್ಚಿಡುತ್ತಾರೆ. ಕೆಲವರು ಚಿಕಿತ್ಸೆಗೆ ಅಡ್ಡಿಯಾಗುವ ಗುಟ್ಟು ಇದ್ದರೆ ಮುಚ್ಚಿಡಲಾರೆ ಅನ್ನುತ್ತಾರೆ. ಯಾವುದಾದರೂ ಸರಿ, ಮೊದಲೇ ಗೊತ್ತಿರಬೇಕು. ಇದನ್ನು ಕೇಳದೆ ಹೋಗಿ, ಅರ್ಧ ದಾರಿಯಲ್ಲಿ ಗುಟ್ಟು ಹೊರಬಿದ್ದು, ಇಬ್ಬರಿಗೂ ಆ ಕೋಣೆಯ ಮೇಲಿನ ನಂಬಿಕೆಯೇ ಹೋಗುವುದು ಅಪರೂಪವಲ್ಲ.

ಈ ಸೇವೆಯ ಜೀವ ಇರುವುದು ಐದನೆಯದರ ಆಚೆಗೆ. ಒಂದು ಮಾದರಿ ಸನ್ನಿವೇಶವನ್ನು ಹತ್ತಿರದಿಂದ ನೋಡಬೇಕು. ಹೆಂಡತಿ ಹೇಳುತ್ತಾರೆ: 'ನಮ್ಮಮ್ಮನ್ನ ಆಸ್ಪತ್ರೆಗೆ ಸೇರಿಸಿದ ರಾತ್ರಿ ಇವರು ಒಂದೇ ಒಂದು ಮಾತು ಆಡಲಿಲ್ಲ.' ಗಂಡ: 'ಬಿಲ್ ಕಟ್ಟಿದೆನಲ್ಲ.' ಸಾಧಾರಣ ಕೌನ್ಸೆಲರ್ ಆದರೆ ಇಲ್ಲಿ 'ಅವರು ಹೇಳೋದೂ ಸರಿ, ನೀವು ಹೇಳೋದೂ ಸರಿ' ಅಂತ ಪಂಚಾಯ್ತಿ ಮುಗಿಸಿ ಮುಂದೆ ಹೋಗುತ್ತಾರೆ. ಕೆಲಸ ಬಲ್ಲವರು ಅಲ್ಲೇ ನಿಲ್ಲಿಸುತ್ತಾರೆ.

'ಬಿಲ್ ಕೌಂಟರ್ ಮುಂದೆ ನಿಂತಿದ್ರಲ್ಲ ಸರ್, ಆಗ ಹೇಗಿತ್ತು?'

'ಏನಿಲ್ಲ. ಕ್ಯೂ ಇತ್ತು.'

'ಮೈ ಹೇಗಿತ್ತು? ಕೈ?'

ಅರ್ಧ ನಿಮಿಷ ಯಾರೂ ಮಾತಾಡುವುದಿಲ್ಲ. ಈ ಅರ್ಧ ನಿಮಿಷವನ್ನು ಕೌನ್ಸೆಲರ್ ತುಂಬಿಸಬಾರದು, ಹೆಂಡತಿಯನ್ನೂ ತುಂಬಿಸಲು ಬಿಡಬಾರದು. ಆಮೇಲೆ ಗಂಡ ಹೇಳುತ್ತಾನೆ: 'ಕೈ ತಣ್ಣಗಾಗಿತ್ತು. ಟೋಕನ್ ಎರಡು ಸಲ ಕೆಳಗೆ ಬಿತ್ತು.'

'ಅದನ್ನ ನನಗಲ್ಲ, ಅವರ ಕಡೆ ತಿರುಗಿ ಹೇಳ್ತೀರಾ?'

ಆ ತಿರುಗಿಸುವುದೇ ಇಎಫ್‌ಟಿಯ ಮುಖ್ಯ ಕಸುಬು. ಹೆಂಡತಿಗೆ ಗೊತ್ತಿಲ್ಲದ ಸಂಗತಿ ಇದು: ಆ ರಾತ್ರಿ ಅವನೂ ಹೆದರಿದ್ದ. ಆದರೆ ಹೆಚ್ಚು ಕೆಡುವುದೂ ಈ ಜಾಗದಲ್ಲೇ. ಹತ್ತು ವರ್ಷ ಕಾದವರ ಬಾಯಿಂದ ಮೊದಲು ಬರುವುದು 'ಹಾಗಿದ್ರೆ ಇಷ್ಟು ದಿನ ಯಾಕೆ ಹೇಳಲಿಲ್ಲ?' ಅನ್ನುವ ಮಾತು. ಅದು ಸಹಜ, ನ್ಯಾಯವೂ ಹೌದು. ಆದರೆ ತೆರೆದ ಕದ ಅದರಿಂದಲೇ ಮುಚ್ಚಿಕೊಳ್ಳುತ್ತದೆ. ಈ ಪದ್ಧತಿಯವರು ಇಂಥ ಮಾತನ್ನು ಗುಂಡು ಅನ್ನುತ್ತಾರೆ, ಅದನ್ನು ನಡುವೆಯೇ ಹಿಡಿಯುವುದು ಚಿಕಿತ್ಸಕರ ಕೆಲಸ. 'ಇಷ್ಟು ವರ್ಷ ಕಾದಿದ್ದೀರಿ, ಈಗ ಕೇಳಿದ್ದನ್ನ ನಂಬೋದೇ ಕಷ್ಟ ಆಗ್ತಿದೆ ಅಲ್ವಾ ಮೇಡಂ?' ಅಂತ ಹೆಂಡತಿಯ ನೋವನ್ನು ಎತ್ತಿಹಿಡಿದು, ಗಂಡ ಕುರ್ಚಿಯಲ್ಲಿ ಮತ್ತೆ ಹಿಂದಕ್ಕೆ ಒರಗದ ಹಾಗೆ ನೋಡಿಕೊಳ್ಳಬೇಕು. ನಿಮ್ಮ ಕೌನ್ಸೆಲರ್‌ಗೆ ಇದು ಬರುತ್ತದೋ ಇಲ್ಲವೋ ಅನ್ನುವುದು ಇಂಥ ಒಂದೇ ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ.

ಮೇಲಿನ ಸಂಭಾಷಣೆಯಲ್ಲಿ 'ನಿಮಗೆ ಯಾವ ಭಾವನೆ ಬಂತು?' ಅನ್ನುವ ಪ್ರಶ್ನೆ ಇಲ್ಲ, ಗಮನಿಸಿ. ಕೌನ್ಸೆಲಿಂಗ್ ಕೋಣೆಯಲ್ಲಿ ಗೋಡೆಗೆ ಅಂಟಿಸಿರುವ ಭಾವನೆಗಳ ಚಕ್ರ ಇಂಗ್ಲಿಷಿನದ್ದು. ಅದರ ಹತ್ತಾರು ಪದಗಳನ್ನು ಅನುವಾದಿಸಿ ಮುಂದಿಟ್ಟರೆ ಮಂಡ್ಯದಿಂದ ಬಂದವರಿಗೂ ಕಲಬುರ್ಗಿಯಿಂದ ಬಂದವರಿಗೂ ಬಾಯಿ ಇನ್ನಷ್ಟು ಕಟ್ಟುತ್ತದೆ. ನಮ್ಮಲ್ಲಿ 'ಬೇಜಾರು' ಒಂದೇ ಪದ ದುಃಖ, ನೋವು, ಏಕತಾನತೆ, ಸಿಟ್ಟು, ಮುನಿಸು ಎಲ್ಲಕ್ಕೂ ಓಡಾಡುತ್ತದೆ. 'ಬೇಜಾರಾಯ್ತು' ಅಂದವರು ಏನನ್ನೂ ಮುಚ್ಚಿಡುತ್ತಿರುವುದಿಲ್ಲ, ಅವರ ಹತ್ತಿರ ಇರುವುದೇ ಆ ಒಂದು ಚೀಲ. ಆದರೆ ಮೈಯ ಮಾತು ಕನ್ನಡದಲ್ಲಿ ಬೇಕಾದಷ್ಟಿದೆ: ಎದೆ ಧಸಕ್ಕೆಂದಿತು, ಹೊಟ್ಟೆ ತೊಳಸಿತು, ಕೈಕಾಲು ಆಡಲಿಲ್ಲ, ಗಂಟಲು ಕಟ್ಟಿತು, ತಲೆ ಧಿಮ್ಮೆಂದಿತು, ಕರುಳು ಚುರುಕ್ಕೆಂದಿತು. ಭಾವನೆಯ ಹೆಸರು ಗೊತ್ತಿಲ್ಲದವರಿಗೂ ಇವು ಗೊತ್ತು. ತನ್ನ ಭಾವನೆಗೆ ಹೆಸರು ಹಚ್ಚಲಾಗದ ಸ್ಥಿತಿಗೆ ಅಲೆಕ್ಸಿಥೈಮಿಯಾ ಅಂತ ಪೀಟರ್ ಸಿಫ್ನಿಯೋಸ್ 1970ರ ದಶಕದಲ್ಲಿ ಹೆಸರಿಟ್ಟಿದ್ದರು. ಅಂಥವರಿಗೂ ದಾರಿ ಮೈಯಿಂದಲೇ ಶುರು. ಹಾಗಾಗಿ ಕೌನ್ಸೆಲರ್ ಆರಿಸುವಾಗ ನನ್ನ ಮೊದಲ ಅಳತೆ ಡಿಗ್ರಿಯಲ್ಲ: ಅವರು ಕನ್ನಡದಲ್ಲಿ ಯೋಚಿಸಿ ಕೇಳುತ್ತಾರೋ, ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಒಪ್ಪಿಸುತ್ತಾರೋ ಅನ್ನುವುದು. ಆಫೀಸಿನಲ್ಲಿ ಇಡೀ ದಿನ ಇಂಗ್ಲಿಷ್ ಮಾತಾಡುವ ಇಂಜಿನಿಯರ್‌ಗೂ ಇದು ಅನ್ವಯಿಸುತ್ತದೆ. ಅಳು ಬರುವುದು ಚಿಕ್ಕಂದಿನ ಭಾಷೆಯಲ್ಲಿ.

ಇದರ ಇನ್ನೊಂದು ಮುಖವೂ ಇದೆ. ಕನ್ನಡದ ಮನೆಗಳಲ್ಲಿ 'ನಿನ್ನ ಪ್ರೀತಿಸ್ತೀನಿ' ಅನ್ನುವುದು ಸಿನಿಮಾ ಮಾತು. 'ಊಟ ಆಯ್ತಾ?', 'ಮಳೆ ಬರೋ ಹಾಗಿದೆ, ಛತ್ರಿ ತಗೊಂಡ್ಯಾ?' ಇವೇ ನಮ್ಮ ಪ್ರೀತಿಯ ಮಾತು. ಗಾಟ್‌ಮನ್ ಇಂಥ ಚಿಕ್ಕ ಮಾತುಗಳನ್ನೇ ಎಣಿಸಿದ್ದು. ಹೊಸದಾಗಿ ಮದುವೆಯಾದ ಜೋಡಿಗಳನ್ನು ಆರು ವರ್ಷದ ನಂತರ ಮತ್ತೆ ಹುಡುಕಿ ನೋಡಿದಾಗ, ಜೊತೆಯಲ್ಲಿ ಉಳಿದವರು ಒಬ್ಬರ ಇಂಥ ಮಾತಿಗೆ ಇನ್ನೊಬ್ಬರು ನೂರಕ್ಕೆ 86 ಸಲ ಓಗೊಟ್ಟಿದ್ದರು. ಬೇರೆಯಾದವರು 33 ಸಲ. ಹಾಗಾಗಿ ಒಳ್ಳೆಯ ಕೌನ್ಸೆಲರ್ ಮೊದಲ ಹೋಂವರ್ಕ್ ಆಗಿ 'ಮನಸ್ಸು ಬಿಚ್ಚಿ ಮಾತಾಡಿ' ಅಂತ ಹೇಳುವುದಿಲ್ಲ. 'ಅವರು ಮಳೆ ಬರೋ ಹಾಗಿದೆ ಅಂದಾಗ ಮೊಬೈಲ್ ಕೆಳಗಿಟ್ಟು ಕಿಟಕಿ ಕಡೆ ನೋಡಿ' ಅನ್ನುತ್ತಾರೆ. ಬಾಯಿ ಬಿಡದವರಿಗೆ ಇದು ಆಗುವ ಕೆಲಸ. ಮಾತಿಗಾಗಿ ಬೆನ್ನಟ್ಟುವವರಿಗೂ ಪಾಲಿನ ಕೆಲಸವಿದೆ: ಬಾಯಿ ಬಿಡದವರು 'ಊಟ ಆಯ್ತಾ' ಅಂದಾಗ 'ಅದೊಂದೇ ಕೇಳೋಕೆ ಬರೋದು' ಅನ್ನದಿರುವುದು.

ಎರಡನೇ ಹೋಂವರ್ಕ್ ವಿರಾಮ. ಇದನ್ನು ಹೆಚ್ಚಿನವರು ತಪ್ಪಾಗಿ ಮಾಡುತ್ತಾರೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಮಾತು ಬಿಸಿಯಾಗುತ್ತಿದ್ದ ಹಾಗೆ ಮಣಿಕಟ್ಟಿನ ನಾಡಿ ಹಿಡಿದು 15 ಸೆಕೆಂಡ್ ಎಣಿಸಿ. 25 ದಾಟಿದರೆ ನಿಮಿಷಕ್ಕೆ 100 ದಾಟಿತು ಅಂತ ಅರ್ಥ. ಆ ಸ್ಥಿತಿಯಲ್ಲಿ ಕಿವಿಗೆ ಬಿದ್ದದ್ದು ತಲೆಗೆ ಹೋಗುವುದಿಲ್ಲ. ಮಾತಾಡಿದರೂ ಕೋಣನ ಮುಂದೆ ಕಿನ್ನರಿ. ಆಗ ನಿಲ್ಲಿಸಬೇಕು. ನಿಲ್ಲಿಸುವವರು ಎರಡು ವಿಷಯ ಹೇಳಿಯೇ ಏಳಬೇಕು: ಏನಾಗುತ್ತಿದೆ, ಎಷ್ಟು ಹೊತ್ತಿಗೆ ವಾಪಸ್. 'ನನಗೆ ತಲೆ ಓಡ್ತಿಲ್ಲ. ಒಂಬತ್ತೂವರೆಗೆ ಬಂದು ಕೂತ್ಕೋತೀನಿ.' ಕಡಿಮೆ ಅಂದರೆ 20 ನಿಮಿಷ, ಏಕೆಂದರೆ ಮೈಯಲ್ಲಿ ಏರಿದ್ದು ಇಳಿಯುವುದಕ್ಕೆ ಅಷ್ಟು ಹೊತ್ತು ಬೇಕು. ಹೆಚ್ಚೆಂದರೆ ಮರುದಿನ. ಆ ಹೊತ್ತಿನಲ್ಲಿ ಮಹಡಿ ಮೇಲೆ ನಡೆಯಬಹುದು, ಗಿಡಕ್ಕೆ ನೀರು ಹಾಕಬಹುದು, ಪಾತ್ರೆ ತೊಳೆಯಬಹುದು. ಮನಸ್ಸಿನಲ್ಲೇ ಜಗಳ ಮುಂದುವರಿಸಿ ಉತ್ತರ ಸಿದ್ಧ ಮಾಡಿಕೊಂಡರೆ ನಾಡಿ ಇಳಿಯುವುದೇ ಇಲ್ಲ. ಕೆಡುವುದು ಎಲ್ಲಿ ಅಂದರೆ, ವಾಪಸ್ ಬರುವ ಹೊತ್ತು ಹೇಳದೆ ಏಳುವುದರಲ್ಲಿ. ಆಗ ಅದು ಹಳೆಯ ತಪ್ಪಿಸಿಕೊಳ್ಳುವಿಕೆಯೇ, ಹೊಸ ಹೆಸರು ಬಂದಿದೆ ಅಷ್ಟೆ. ಬೆನ್ನಟ್ಟುವವರ ಕಡೆಯಿಂದ ಕೆಡುವುದೂ ಉಂಟು: ಗಂಡ ಮಹಡಿಗೆ ಹೋದ ಐದೇ ನಿಮಿಷಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಉದ್ದದ ಮೆಸೇಜ್. ವಿರಾಮ ಅಂದರೆ ಬೆರಳಿಗೂ ವಿರಾಮ.

ಮಾತಾಡಲಾರದವರನ್ನೂ ಮಾತಾಡಲೊಲ್ಲದವರನ್ನೂ ಈ ವಿರಾಮವೇ ಬೇರೆ ಮಾಡಿ ತೋರಿಸುತ್ತದೆ. ಮಾತಾಡಲಾರದವರು ಒಂಬತ್ತೂವರೆಗೆ ಬಂದು ಕೂರುತ್ತಾರೆ. ಮಾತು ಬರದಿದ್ದರೂ ಬಂದು ಕೂರುತ್ತಾರೆ, ಒಂಬತ್ತೂ ಇಪ್ಪತ್ತೈದಕ್ಕೇ ಬಂದು ಬಾಗಿಲ ಹತ್ತಿರ ನಿಲ್ಲುವವರೂ ಇದ್ದಾರೆ. ಒಲ್ಲದವರು ಪ್ರತಿ ಸಲ ಹೊತ್ತು ಕೊಟ್ಟು ಪ್ರತಿ ಸಲ ತಪ್ಪಿಸುತ್ತಾರೆ, ಕೇಳಿದರೆ 'ಶುರು ಮಾಡಿದೆಯಾ ಮತ್ತೆ' ಅನ್ನುತ್ತಾರೆ. ಮಾತಾಡಲಾರದವರ ಮೌನ ಎಲ್ಲ ವಿಷಯಕ್ಕೂ ಒಂದೇ ಥರ ಇರುತ್ತದೆ. ಒಲ್ಲದವರದ್ದು ಲೆಕ್ಕವಿಟ್ಟು ಬರುತ್ತದೆ: ದುಡ್ಡಿನ ಬಗ್ಗೆ, ಫೋನಿನ ಬಗ್ಗೆ, ಎಲ್ಲಿಗೆ ಹೋಗಿದ್ದಿರಿ ಅನ್ನುವ ಬಗ್ಗೆ ಕೇಳಿದಾಗ, ಅಥವಾ ನೀವು ಎದುರಾಡಿದ ಮೇಲೆ ಎಂಟು ದಿನ, ನೀವೇ ಬಂದು ತಪ್ಪಾಯ್ತು ಅನ್ನುವ ತನಕ. ಹೊರಗೆ ಸ್ನೇಹಿತರ ಜೊತೆ ನಗುತ್ತಾ ಮಾತಾಡುವುದನ್ನು ಮಾತ್ರ ಪುರಾವೆ ಅಂತ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ಮಾತಾಡಲಾರದವರೂ ಹೊರಗೆ ಚೆನ್ನಾಗಿಯೇ ಮಾತಾಡುತ್ತಾರೆ, ಅಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇರುವುದಿಲ್ಲವಲ್ಲ.

ದೂರುಗಳ ಪಟ್ಟಿ ಸಣ್ಣದೇನಲ್ಲ. ಕೌನ್ಸೆಲರ್ ನ್ಯಾಯಾಧೀಶರಾಗಿಬಿಡುವುದು ದೊಡ್ಡ ದೂರು. ಅದರಲ್ಲೂ 'ಗಂಡಸರ ಸ್ವಭಾವವೇ ಹಾಗಮ್ಮ, ನೀವು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅನ್ನುವವರ ಹತ್ತಿರ ಎರಡನೇ ಸಲ ಹೋಗಲೇಬೇಡಿ. ಇನ್ನೊಂದು: ಮೂರು ನಾಲ್ಕನೇ ವಾರದಲ್ಲಿ ಮನೆಯಲ್ಲಿ ಜಗಳ ಹೆಚ್ಚುತ್ತದೆ. ಮುಚ್ಚಿಟ್ಟದ್ದು ಮೇಲೆ ಬರುವ ಹೊತ್ತು ಅದು. ಬಹಳ ಜೋಡಿಗಳು ಅಲ್ಲೇ ಬಿಟ್ಟುಬಿಡುತ್ತಾರೆ, ಕೌನ್ಸೆಲರ್ ಮೊದಲೇ ಎಚ್ಚರಿಸದೇ ಇದ್ದದ್ದೇ ಕಾರಣ. ಮನೆಯಲ್ಲಿ 'ನೋಡಿ, ಡಾಕ್ಟರ್ ಕೂಡ ಅದೇ ಹೇಳಿದ್ರು' ಅಂತ ಕೋಣೆಯ ಮಾತನ್ನು ಕೋಲಾಗಿ ಬಳಸಿದರೆ ಮುಂದಿನ ವಾರ ಬಾಯಿ ಬಿಡದವರು ಅಲ್ಲೂ ಬಾಯಿ ಬಿಡುವುದಿಲ್ಲ. ಆನ್‌ಲೈನ್ ಸೆಷನ್‌ಗೆ ಒಂದೇ ಮೊಬೈಲ್ ಮುಂದೆ ಇಬ್ಬರು ತಲೆ ತೂರಿಸಿ ಕೂತರೆ ಕೌನ್ಸೆಲರ್‌ಗೆ ಕೈ, ಕಾಲು, ಮುಖ ಯಾವುದೂ ಕಾಣುವುದಿಲ್ಲ. ಲ್ಯಾಪ್‌ಟಾಪ್ ಅನ್ನು ನಾಲ್ಕಡಿ ದೂರ ಇಟ್ಟು, ಅತ್ತೆ ಮಾವ ಪಕ್ಕದ ಕೋಣೆಯಲ್ಲಿದ್ದರೆ ಫ್ಯಾನ್ ಜೋರು ಮಾಡಿ ಕೂರಿ. ಹೊರದೇಶದ ಕನ್ನಡಿಗರಿಗೆ ಊರಿನ ಕನ್ನಡದ ಕೌನ್ಸೆಲರ್ ಆನ್‌ಲೈನ್‌ನಲ್ಲಿ ಸಿಗುವುದು ದೊಡ್ಡ ಉಪಕಾರವೇ. ಇಲ್ಲಿ ಬೆಳಗ್ಗೆ 7 ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ಸಂಜೆ, ಬೇಸಿಗೆಯಲ್ಲಿ ಆರೂವರೆ, ಚಳಿಗಾಲದಲ್ಲಿ ಐದೂವರೆ.

ಅವರು ಬರಲೇ ಒಪ್ಪದಿದ್ದರೆ? ಕರೆಯುವ ರೀತಿಯಲ್ಲೇ ಅರ್ಧ ಕೆಲಸವಿದೆ. 'ನಿಮಗೆ ಪ್ರಾಬ್ಲಂ ಇದೆ, ತೋರಿಸ್ಕೊಳ್ಳಿ' ಅಂದರೆ ಮುಗಿಯಿತು. ಅತ್ತೆಯಿಂದಲೋ ಭಾವನಿಂದಲೋ ಹೇಳಿಸಿದರೆ ಇನ್ನೂ ಕೆಟ್ಟದ್ದು. ಜಗಳದ ಮರುದಿನ ಬೇಡ, ಎದುರುಬದುರು ಕೂತೂ ಬೇಡ. ಸಂಜೆ ಜೊತೆಯಲ್ಲಿ ನಡೆಯುವಾಗ ಹೇಳಿ: 'ರೀ, ನನಗೆ ಇದನ್ನ ಒಬ್ಬಳೇ ನಿಭಾಯಿಸೋಕೆ ಆಗ್ತಿಲ್ಲ. ಮೂರು ಸಲ ಮಾತ್ರ ನನ್ನ ಜೊತೆ ಬನ್ನಿ. ಆಮೇಲೂ ಬೇಡ ಅನ್ನಿಸಿದರೆ ನಾನು ಒತ್ತಾಯ ಮಾಡಲ್ಲ.' ಸಂಖ್ಯೆ ಹೇಳುವುದು ಮುಖ್ಯ. ಕೊನೆ ಕಾಣದ ಕೆಲಸಕ್ಕೆ ಇಂಥವರು ಹೆಜ್ಜೆ ಇಡುವುದಿಲ್ಲ. ಒಬ್ಬರು ಬಿಟ್ಟುಹೋಗುವ ಯೋಚನೆಯಲ್ಲಿ, ಇನ್ನೊಬ್ಬರು ಉಳಿಸಿಕೊಳ್ಳುವ ಆಸೆಯಲ್ಲಿ ಇದ್ದರೆ ಸಾಧಾರಣ ದಂಪತಿ ಚಿಕಿತ್ಸೆ ಓಡುವುದಿಲ್ಲ. ಅದಕ್ಕೆಂದೇ ಮಿನ್ನೆಸೋಟ ವಿಶ್ವವಿದ್ಯಾಲಯದ ಬಿಲ್ ಡೋಹರ್ಟಿ ರೂಪಿಸಿದ, ಹೆಚ್ಚೆಂದರೆ ಐದು ಸಿಟ್ಟಿಂಗ್‌ನ ಡಿಸರ್ನ್‌ಮೆಂಟ್ ಕೌನ್ಸೆಲಿಂಗ್ ಇದೆ. ಅಲ್ಲಿ ಸಂಬಂಧ ಸರಿಮಾಡುವ ಪ್ರಯತ್ನವೇ ಇಲ್ಲ. ಹೀಗೇ ಇರುವುದೋ, ಬೇರೆಯಾಗುವುದೋ, ಆರು ತಿಂಗಳು ಮನಸ್ಸಿಟ್ಟು ಪ್ರಯತ್ನಿಸುವುದೋ ಅಂತ ನಿರ್ಧರಿಸುವುದಷ್ಟೆ. ನಮ್ಮಲ್ಲಿ ಇದನ್ನು ಕಲಿತವರು ಕಡಿಮೆ, ಆದರೂ ಕೇಳಿ ನೋಡಿ.

ಏನು ಮಾಡಿದರೂ ಬರದಿದ್ದರೆ ನೀವೊಬ್ಬರೇ ಹೋಗಿ. ಒಬ್ಬರೇ ಹೋದರೆ ಅವರು ಬದಲಾಗುವುದಿಲ್ಲ ಅನ್ನುವುದು ನಿಜ. ಆದರೆ ಬೆನ್ನಟ್ಟುವುದು ಹೇಗೆ ನಿಲ್ಲಿಸುವುದು, ನಿಲ್ಲಿಸಿದಾಗ ಎದೆಯಲ್ಲಿ ಏಳುವ ಹೆದರಿಕೆಯನ್ನು ಹೇಗೆ ತಡೆದುಕೊಳ್ಳುವುದು, ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಬಿಟ್ಟುಕೊಡಲಾರೆ, ಎಷ್ಟು ದಿನ ಕಾಯುತ್ತೇನೆ, ಇವಿಷ್ಟಕ್ಕೆ ಉತ್ತರ ಸಿಗುತ್ತದೆ. ಬೆನ್ನಟ್ಟುವವರು ನಿಂತಾಗ ಓಡುವವರೂ ಒಂದಿಷ್ಟು ದಿನದಲ್ಲಿ ತಿರುಗಿ ನೋಡುವುದುಂಟು. ನೋಡದಿದ್ದರೆ ಅದೂ ಒಂದು ಉತ್ತರ. ಮದುವೆಗೆ ಮುಂಚಿನ ಪ್ರೇಮದಲ್ಲಿರುವವರಿಗೆ ನನ್ನ ಸಲಹೆ ಬೇರೆ: 'ನನಗೆ ಈಗ ಇದೆಲ್ಲಾ ಬೇಡ' ಅಂತ ಅವರು ಬಾಯಿಬಿಟ್ಟು ಹೇಳಿದ್ದರೆ ಅದು ಬೇಡ ಅಂತಲೇ ಅರ್ಥ. ಅದಕ್ಕೆ ಜೋಡಿ ಕೌನ್ಸೆಲಿಂಗ್‌ಗೆ ದುಡ್ಡು ಸುರಿಯಬೇಡಿ.

ಕೌನ್ಸೆಲಿಂಗ್‌ಗೆ ಮುಂಚೆ ಒಂದು ಸಲ ವೈದ್ಯರನ್ನು ಕಾಣಬೇಕಾದ ಸಂದರ್ಭಗಳಿವೆ. ಮೊದಲು ಮಾತಾಡುತ್ತಿದ್ದವರು ಈಗ ಆರೆಂಟು ತಿಂಗಳಿಂದ ಮುದುರಿಕೊಂಡಿದ್ದರೆ ಖಿನ್ನತೆ ಇರಬಹುದು. ಗಂಡಸರಲ್ಲಿ ಅದು ಅಳುವಾಗಿ ಬರದೆ ಸಿಡುಕಾಗಿ, ಮೌನವಾಗಿ ಬರುವುದೇ ಹೆಚ್ಚು. ಥೈರಾಯ್ಡ್ ಕಡಿಮೆಯಾದರೂ ಮನುಷ್ಯ ಮಂಕಾಗುತ್ತಾನೆ. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಸುಖವೂ ದುಃಖವೂ ಮೊಂಡಾಗುತ್ತವೆ, ದೈಹಿಕ ಆಸೆಯೂ ಕುಗ್ಗುತ್ತದೆ. ಮಾತ್ರೆ ತಾವಾಗಿಯೇ ನಿಲ್ಲಿಸದೆ ಕೊಟ್ಟ ವೈದ್ಯರಿಗೇ ಹೇಳಬೇಕು. ಅರವತ್ತರ ಆಸುಪಾಸಿನವರಾದರೆ ಕಿವಿ ಪರೀಕ್ಷೆ ಮಾಡಿಸಿ. ಎಷ್ಟೋ ಮನೆಯಲ್ಲಿ 'ಅವರಿಗೆ ನಾನು ಲೆಕ್ಕಕ್ಕೇ ಇಲ್ಲ' ಅನ್ನಿಸಿದ್ದು ಕಿವಿ ಮಂದವಾದದ್ದರಿಂದ. ಹೊಡೆತ, ಬೆದರಿಕೆ, ಹಣ ಕೊಡದೆ ಕಟ್ಟಿಹಾಕುವುದು ಇದ್ದರೆ ಇಬ್ಬರೂ ಸೇರಿ ಕೂರುವ ಚಿಕಿತ್ಸೆ ಅಪಾಯ: ಕೋಣೆಯಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಬೆಲೆ ತೆರಬೇಕಾಗುತ್ತದೆ. ಅಲ್ಲಿ ಬೇಕಾದದ್ದು 181 ಮಹಿಳಾ ಸಹಾಯವಾಣಿ, ತುರ್ತಾದರೆ 112. ಮಾತಿನ, ಮನಸ್ಸಿನ ಹಿಂಸೆಯೂ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಹಿಂಸೆಯೇ.

ದುಡ್ಡಿಲ್ಲದವರಿಗೆ ಸರ್ಕಾರಿ ಬಾಗಿಲುಗಳಿವೆ. ಟೆಲಿ ಮನಸ್, 14416: 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ, ದಿನದ 24 ಗಂಟೆ, ಪೂರ್ತಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಾದ ಆಪ್ತಸಮಾಲೋಚಕರು ಸಿಗುತ್ತಾರೆ, ಬೇಕಾದರೆ ಮೇಲಿನ ತಜ್ಞರಿಗೆ ದಾಟಿಸುತ್ತಾರೆ. ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯಲ್ಲಿ ನಿಂತು ಗಂಟಲು ಕಟ್ಟಿದಾಗ ಇದಕ್ಕಿಂತ ಒಳ್ಳೆಯ ನಂಬರ್ ಇನ್ನೊಂದಿಲ್ಲ. ಆದರೆ ವಾರವಾರವೂ ಜೋಡಿಯನ್ನು ಕೂರಿಸಿ ಮಾಡುವ ಚಿಕಿತ್ಸೆ ಅದಲ್ಲ, ಅದನ್ನು ನಿರೀಕ್ಷಿಸಬಾರದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅನ್ನುವ ಮಂಗಳವಾರದ ಕ್ಲಿನಿಕ್ ನಡೆಯುತ್ತದೆ. ಖಿನ್ನತೆಯ ಅನುಮಾನ ಇರುವವರನ್ನು ಕರೆದುಕೊಂಡು ಹೋಗಲು ಅನುಕೂಲ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲೇ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯ ಕೇಂದ್ರವೇ ಪ್ರತ್ಯೇಕವಾಗಿದೆ. ಅಲ್ಲಿ ಕಾಯಬೇಕಾಗುತ್ತದೆ, ಕೂರಿಸಿ ಮಾತಾಡುವವರು ಎಷ್ಟೋ ಸಲ ಕಲಿಯುತ್ತಿರುವ ತರುಣರು. ಅದಕ್ಕೆ ಮೂಗು ಮುರಿಯಬೇಕಿಲ್ಲ: ಅವರ ಪ್ರತಿ ಹೆಜ್ಜೆಯ ಹಿಂದೆ ಒಬ್ಬ ಹಿರಿಯರು ಇರುತ್ತಾರೆ, ಖಾಸಗಿಯಲ್ಲಿ ಆ ಭದ್ರತೆ ಅಪರೂಪ. ಕೌಟುಂಬಿಕ ನ್ಯಾಯಾಲಯದ ಆಪ್ತಸಮಾಲೋಚಕರು ಅರ್ಜಿ ಹಾಕಿದ ಮೇಲಿನ ರಾಜಿಗಾಗಿ ಇರುವವರು. ಈ ಸೂಕ್ಷ್ಮ ಕೆಲಸಕ್ಕೆ ಅವರ ಹತ್ತಿರ ಹೊತ್ತಿರುವುದಿಲ್ಲ.

ಎಂಟನೇ ಸಿಟ್ಟಿಂಗ್‌ಗೆ ಒಂದು ಲೆಕ್ಕ ಹಾಕಿ. 'ಪ್ರೀತಿ ಹೆಚ್ಚಾಯ್ತಾ?' ಅಂತ ಅಳೆಯಬೇಡಿ, ಅಳೆಯಲಾಗುವುದಿಲ್ಲ. ಕೇಳಿಕೊಳ್ಳಬೇಕಾದದ್ದು: ಜಗಳ ಅಥವಾ ಮೌನ ಆದ ಮೇಲೆ ಮತ್ತೆ ಮಾತಿಗೆ ಬರಲು ಮೊದಲು ಎಷ್ಟು ದಿನ ಹಿಡಿಯುತ್ತಿತ್ತು, ಈಗ ಎಷ್ಟು? ಮೊದಲು ಮಾತಿಗೆ ಬರುತ್ತಿದ್ದವರು ಯಾವಾಗಲೂ ನೀವೇನಾ, ಈಗ ಒಂದು ಸಲವಾದರೂ ಅವರೇ ಬಂದರಾ? ಕೇಳದೆಯೇ ತಮ್ಮ ಬಗ್ಗೆ ಒಂದಾದರೂ ಮಾತು ಹೇಳಿದರಾ, 'ಇವತ್ತು ಆಫೀಸಲ್ಲಿ ತಲೆ ಕೆಟ್ಟೋಯ್ತು' ಅನ್ನುವಷ್ಟಾದರೂ? ಮೂರಕ್ಕೂ ಇಲ್ಲ ಅನ್ನುವುದಾದರೆ ಆ ಲೆಕ್ಕವನ್ನು ಕೌನ್ಸೆಲರ್ ಮುಂದೆಯೇ ಇಡಿ. ಅವರು ದಾರಿ ಬದಲಿಸಬೇಕು, ಇಲ್ಲವೇ ಇದು ಆಗುವ ಕೆಲಸವಲ್ಲ ಅಂತ ಹೇಳುವ ಪ್ರಾಮಾಣಿಕತೆ ತೋರಬೇಕು.

ಮೊದಲ ದಿನಕ್ಕೆ ಹೋಗುವಾಗ ದೂರುಗಳ ಪಟ್ಟಿ ಬರೆದುಕೊಂಡು ಹೋಗಬೇಡಿ, ಇತ್ತೀಚಿನ ಒಂದೇ ಒಂದು ಸಂಜೆಯನ್ನು ನೆನಪಿಟ್ಟುಕೊಂಡು ಹೋಗಿ: ಯಾರು ಏನಂದರು, ಯಾರು ಎಲ್ಲಿಗೆ ಎದ್ದು ಹೋದರು. ಸೆಷನ್ ಮುಗಿದ ಮೇಲೆ ಒಂದು ಗಂಟೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ, ಆಫೀಸಿಗಂತೂ ಹೋಗಲೇಬೇಡಿ. ವಾಪಸ್ ಬರುವ ದಾರಿಯಲ್ಲಿ ಅಲ್ಲಿ ಆಡಿದ ಮಾತನ್ನು ಇಬ್ಬರೂ ಎತ್ತಬೇಡಿ. ಎಲ್ಲಾದರೂ ನಿಲ್ಲಿಸಿ ಕಾಫಿ ಕುಡಿಯಿರಿ. ಅವರು ಸಕ್ಕರೆ ಸಾಕಾ ಅಂತ ಕೇಳಿದರೆ, ಉತ್ತರ ಕೊಡಿ.